ಭೌತಶಾಸ್ತ್ರದ ಡಿಜಿಟಲ್ ಪ್ರಶ್ನೆ ಬ್ಯಾಂಕ್: ಕಲಬುರಗಿಯ ಕಾಲೇಜೊಂದರಲ್ಲಿ ಎರಡು ಸೆಮಿಸ್ಟರ್ ಬಳಸಿದ ಮೇಲೆ

ಮೂರು ವರ್ಷಗಳ ಹಿಂದೆ ಬಿ.ಎಸ್ಸಿ. ಮೊದಲ ವರ್ಷದ ಆಂತರಿಕ ಕಿರುಪರೀಕ್ಷೆಯಲ್ಲಿ ನಾನೊಂದು ಸರಳ ಪ್ರಶ್ನೆ ಕೊಟ್ಟಿದ್ದೆ. 6 ಓಮ್ ಮತ್ತು 12 ಓಮ್ ರೋಧಕಗಳನ್ನು ಸಮಾಂತರವಾಗಿ ಜೋಡಿಸಿದರೆ ಒಟ್ಟು ರೋಧ ಎಷ್ಟು ಎಂಬುದು ಪ್ರಶ್ನೆ. ಉತ್ತರ 4 ಓಮ್, ಅದು ‘ಎ’ ಆಯ್ಕೆಯಲ್ಲಿತ್ತು. ತರಗತಿಯ 60 ಮಂದಿಯಲ್ಲಿ 18 ಮಂದಿ ‘ಸಿ’ ಎಂದು ಬರೆದಿದ್ದರು. ‘ಸಿ’ಯಲ್ಲಿ ಇದ್ದದ್ದು 9 ಓಮ್. ಸಮಾಂತರ ಜೋಡಣೆಯಲ್ಲಿ ಒಟ್ಟು ರೋಧವು ಅತ್ಯಂತ ಚಿಕ್ಕ ರೋಧಕ್ಕಿಂತಲೂ ಕಡಿಮೆ ಇರುತ್ತದೆ ಎಂಬುದನ್ನು ಪಿಯುಸಿಯಲ್ಲೇ ಕಲಿತು ಬಂದ ಮಕ್ಕಳು ಹೀಗೇಕೆ ಬರೆದರೆಂದು ಎರಡು ದಿನ ಯೋಚಿಸಿದೆ. ಆಮೇಲೆ ತಿಳಿಯಿತು. ನಮ್ಮ ಪಠ್ಯಪುಸ್ತಕದ ಪ್ರಕಾಶಕರು ಅಧ್ಯಾಪಕರಿಗೆ ಕೊಟ್ಟಿದ್ದ ಪ್ರಶ್ನೆ ಬ್ಯಾಂಕಿನ, ಎಂದರೆ ಪರೀಕ್ಷೆಗೆ ಆಯ್ದುಕೊಳ್ಳಲೆಂದು ಬರೆದಿಟ್ಟ ಪ್ರಶ್ನೆಗಳ ಸಂಗ್ರಹದ, ಮೂಲ ಪ್ರಶ್ನೆಯಲ್ಲಿ 6 ಮತ್ತು 3 ಓಮ್ ಇದ್ದವು, ಸರಿಯುತ್ತರ 2 ಓಮ್, ಅದರ ಅಕ್ಷರ ‘ಸಿ’. ನಾನು ಅಂಕಿಗಳನ್ನೂ ಆಯ್ಕೆಗಳ ಕ್ರಮವನ್ನೂ ಬದಲಿಸಿದ್ದೆ. ಆ ಹದಿನೆಂಟು ಮಂದಿ ಪ್ರಶ್ನೆಯನ್ನು ಪೂರ್ತಿ ಓದಿರಲೇ ಇಲ್ಲ, ಮೊದಲ ಸಾಲು ಕಣ್ಣಿಗೆ ಬಿದ್ದೊಡನೆ ಬಾಯಿಪಾಠದ ಅಕ್ಷರವನ್ನು ಬರೆದು ಮುಂದೆ ಹೋಗಿದ್ದರು.

ಇಡೀ ಪ್ರಶ್ನೆ ಬ್ಯಾಂಕ್ ಉತ್ತರಸೂಚಿಯ ಸಮೇತ ಸ್ಪೈರಲ್ ಬೈಂಡಿಂಗ್ ಆಗಿ ಝೆರಾಕ್ಸ್ ಅಂಗಡಿಯೊಂದರಲ್ಲಿ 120 ರೂಪಾಯಿಗೆ ಸಿಗುತ್ತಿತ್ತು. ಅದು ಅಲ್ಲಿಗೆ ಹೋದ ದಾರಿಯೇನೂ ನಿಗೂಢವಲ್ಲ. ಆಗ ಪ್ರಕಾಶಕರು ಕೇಳಿದ ಅಧ್ಯಾಪಕರಿಗೆಲ್ಲ ವರ್ಡ್ ಕಡತವನ್ನು ಇಮೇಲ್ ಮಾಡುತ್ತಿದ್ದರು. ಯಾರೋ ಒಬ್ಬರು ಅದನ್ನು ಅಧ್ಯಾಪಕರ ವಾಟ್ಸ್ಆ್ಯಪ್ ಗುಂಪಿಗೆ ಹಾಕಿದರು, ಗುಂಪಿನಿಂದ ಟ್ಯೂಷನ್ ಕೇಂದ್ರಕ್ಕೆ, ಅಲ್ಲಿಂದ ಅಂಗಡಿಗೆ ಅದು ನಡೆದು ಹೋಯಿತು. ಒಮ್ಮೆ ಹೊರಬಿದ್ದ ಕಡತವನ್ನು ಮರಳಿ ಪಡೆಯುವ ಉಪಾಯ ಯಾರ ಬಳಿಯೂ ಇಲ್ಲ.

ಅದೇ ಪ್ರಕಾಶಕರು ಈಗ ಹಳೆಯ ಪದ್ಧತಿಯನ್ನು ಕೈಬಿಟ್ಟು, ಜಾಲತಾಣದ ಮೂಲಕ ಮಾತ್ರ ತೆರೆಯಬಹುದಾದ ಡಿಜಿಟಲ್ ಪ್ರಶ್ನೆ ಬ್ಯಾಂಕ್ ಕೊಡುತ್ತಿದ್ದಾರೆ. ಅವರ ಪಠ್ಯಪುಸ್ತಕವನ್ನು ಕಾಲೇಜು ಆಯ್ದುಕೊಂಡಿದ್ದರೆ ಅಧ್ಯಾಪಕರಿಗೆ ಇದು ಉಚಿತ. ಎರಡು ಸೆಮಿಸ್ಟರ್‌ಗಳ ಕಾಲ ಇದರಿಂದಲೇ ಕಿರುಪರೀಕ್ಷೆಗಳನ್ನು ನಡೆಸಿದ್ದೇನೆ, ಒಂದು ಅಧ್ಯಾಯದ ಪ್ರಶ್ನೆಗಳನ್ನು ಪರಿಶೀಲಿಸಿಯೂ ಕೊಟ್ಟಿದ್ದೇನೆ. ಪ್ರಕಾಶಕರ ಹೆಸರನ್ನು ಇಲ್ಲಿ ಬರೆಯುತ್ತಿಲ್ಲ. ನಾನು ಹೇಳುವ ಕೊರತೆಗಳಲ್ಲಿ ಕೆಲವನ್ನು ಅವರು ತಿದ್ದುತ್ತಿದ್ದಾರೆ, ಮತ್ತು ಇಂಥ ಸೇವೆಯನ್ನು ಆಯ್ದುಕೊಳ್ಳುವಾಗ ಏನು ನೋಡಬೇಕು ಎಂಬುದು ಯಾವ ಪ್ರಕಾಶಕರಿಗಾದರೂ ಅನ್ವಯಿಸುವ ಮಾತು.

ನಮ್ಮ ಭಾಗದಲ್ಲಿ ಪ್ರಶ್ನೆ ಸೋರಿಕೆಯ ವಿಷಯಕ್ಕೆ ವಿಶೇಷ ತೂಕವಿದೆ. 2016ರಲ್ಲಿ ದ್ವಿತೀಯ ಪಿಯುಸಿ ರಸಾಯನಶಾಸ್ತ್ರದ ಪ್ರಶ್ನೆಪತ್ರಿಕೆ ಎರಡು ಸಲ ಸೋರಿಕೆಯಾಗಿ, ರಾಜ್ಯದ ವಿಜ್ಞಾನ ವಿದ್ಯಾರ್ಥಿಗಳೆಲ್ಲ ಒಂದೇ ವಿಷಯಕ್ಕೆ ಮತ್ತೆ ಮತ್ತೆ ಓದಿಕೊಳ್ಳಬೇಕಾಯಿತು. 2021ರ ಅಕ್ಟೋಬರ್‌ನಲ್ಲಿ 545 ಪಿಎಸ್‌ಐ (ಪೊಲೀಸ್ ಸಬ್ ಇನ್‌ಸ್ಪೆಕ್ಟರ್) ಹುದ್ದೆಗಳಿಗೆ ನಡೆದ ಪರೀಕ್ಷೆಯ ಅಕ್ರಮದ ತನಿಖೆಯಲ್ಲಿ ಕಲಬುರಗಿಯ ಹೆಸರು ಮುಂಚೂಣಿಯಲ್ಲಿತ್ತು, 2022ರ ಏಪ್ರಿಲ್‌ನಲ್ಲಿ ಸರ್ಕಾರ ಆ ಪರೀಕ್ಷೆಯನ್ನೇ ರದ್ದು ಮಾಡಿತು. ಕಾಲೇಜಿನ 10 ಅಂಕದ ಕಿರುಪರೀಕ್ಷೆ ಅಷ್ಟು ದೊಡ್ಡ ವಿಷಯವಲ್ಲ. ಆದರೆ ಓದದೆಯೂ ಅಂಕ ಬರುತ್ತದೆ ಎಂಬ ನಂಬಿಕೆ ಹದಿನೆಂಟರ ವಯಸ್ಸಿನ ಹುಡುಗನ ಮನಸ್ಸಿನಲ್ಲಿ ಕೂರುವುದು ಇಂಥ ಚಿಕ್ಕ ಪರೀಕ್ಷೆಗಳಲ್ಲೇ ಎಂದು ನಾನು ನಂಬಿದ್ದೇನೆ, ಆದ್ದರಿಂದ ಇದನ್ನು ಹಗುರವಾಗಿ ಕಾಣಲು ನನ್ನಿಂದ ಆಗುವುದಿಲ್ಲ.

ಮೊದಲು ಒಳಗೆ ಬಿಟ್ಟುಕೊಳ್ಳುವ ಕ್ರಮ. ನಾನು ನನ್ನ ಸ್ವಂತ ಜಿಮೇಲ್ ವಿಳಾಸದಿಂದ ಅರ್ಜಿ ಹಾಕಿದೆ, ಅದೇ ದಿನ ತಿರಸ್ಕರಿಸಿದರು. ಕಾಲೇಜಿನ ಇಮೇಲ್ ಬೇಕೆಂದರು. ನಮ್ಮದು ಚಿಕ್ಕ ಸಂಸ್ಥೆ, ಅಧ್ಯಾಪಕರಿಗೆ ಅಂಥ ಇಮೇಲ್ ಇಲ್ಲ. ಹಾಗಾದರೆ ಪ್ರಾಂಶುಪಾಲರ ಸಹಿ, ಮೊಹರು ಇರುವ ಪತ್ರ ಮತ್ತು ಗುರುತಿನ ಚೀಟಿ ಕಳುಹಿಸಿ ಎಂದರು. ಕಳುಹಿಸಿದ ಮೇಲೂ ಅವರು ನಾನು ಕೊಟ್ಟ ಮೊಬೈಲ್ ಸಂಖ್ಯೆಗೆ ಕರೆ ಮಾಡಲಿಲ್ಲ. ಕಾಲೇಜಿನ ಜಾಲತಾಣದಿಂದ ಕಚೇರಿಯ ದೂರವಾಣಿ ಸಂಖ್ಯೆಯನ್ನು ತಾವೇ ಹುಡುಕಿ, ಅಲ್ಲಿಗೆ ಕರೆ ಮಾಡಿ ನನ್ನ ಬಗ್ಗೆ ವಿಚಾರಿಸಿದರು. ಫೋನ್ ಎತ್ತಿದ ನಮ್ಮ ಗುಮಾಸ್ತರು, “ಹೌದ್ರಿ, ಅವರು ನಮ್ಮಲ್ಲೇ ಹದಿನಾಲ್ಕು ವರ್ಷದಿಂದ ಫಿಜಿಕ್ಸ್ ಹೇಳ್ತಾರ್ರಿ” ಎಂದರಂತೆ. ಆ ಮಾತಿನ ಮೇಲೆ ಖಾತೆ ತೆರೆಯಿತು. ಒಟ್ಟು ಒಂಬತ್ತು ದಿನ ಹಿಡಿಯಿತು. ಆಗ ಬೇಸರವಾಗಿದ್ದು ನಿಜ, ಈಗ ಯೋಚಿಸಿದರೆ ಇಡೀ ಸೇವೆಯ ಅತ್ಯಂತ ಭದ್ರವಾದ ಭಾಗ ಅದೇ ಎನ್ನಿಸುತ್ತದೆ. ಅಧ್ಯಾಪಕನ ಹೆಸರಿನಲ್ಲಿ ನಕಲಿ ಇಮೇಲ್ ತೆರೆಯುವುದು ಐದು ನಿಮಿಷದ ಕೆಲಸ, ಲೆಟರ್‌ಹೆಡ್ ಮುದ್ರಿಸುವುದು ಒಂದು ಗಂಟೆಯ ಕೆಲಸ. ಕಾಲೇಜಿನ ಕಚೇರಿಯ ಮೇಜಿನ ಮೇಲಿರುವ ಫೋನನ್ನು ಮಾತ್ರ ಯಾರೂ ನಕಲು ಮಾಡಲಾರರು.

ಖಾತೆ ತೆರೆದ ಮೇಲೆ ಕಂಡ ಪ್ರಶ್ನೆಗಳ ಬಗ್ಗೆ ಸ್ವಲ್ಪ ವಿವರವಾಗಿಯೇ ಬರೆಯಬೇಕು, ಏಕೆಂದರೆ ಪ್ರಶ್ನೆ ಚೆನ್ನಾಗಿಲ್ಲದಿದ್ದರೆ ಅದನ್ನು ಎಷ್ಟು ಭದ್ರವಾಗಿ ಇಟ್ಟರೂ ವ್ಯರ್ಥ. ಪ್ರಶ್ನೆ ಬ್ಯಾಂಕನ್ನು ಬಹುಪಾಲು ಸಂದರ್ಭಗಳಲ್ಲಿ ಪಠ್ಯಪುಸ್ತಕದ ಲೇಖಕರೇ ಬರೆಯುವುದಿಲ್ಲ. ಪ್ರಕಾಶಕರು ಅಧ್ಯಾಯವಾರು ನೀಲನಕ್ಷೆಯೊಂದನ್ನು ಸಿದ್ಧಪಡಿಸಿ, ಯಾವ ಪಾಠದಿಂದ ಎಷ್ಟು ಪ್ರಶ್ನೆ, ಅದರಲ್ಲಿ ನೆನಪಿನವು ಎಷ್ಟು, ಅನ್ವಯದವು ಎಷ್ಟು ಎಂದು ನಿಗದಿ ಮಾಡಿ, ಅನುಭವಿ ಅಧ್ಯಾಪಕರಿಗೆ ಒಪ್ಪಂದದ ಮೇಲೆ ಬರೆಯಲು ಕೊಡುತ್ತಾರೆ. ಈ ವಿಂಗಡಣೆಗೆ ಬಳಸುವುದು 1956ರಲ್ಲಿ ಬೆಂಜಮಿನ್ ಬ್ಲೂಮ್ ಮತ್ತು ಅವರ ಸಹವರ್ತಿಗಳು ರೂಪಿಸಿದ, 2001ರಲ್ಲಿ ಪರಿಷ್ಕೃತವಾದ ಕಲಿಕಾ ಗುರಿಗಳ ವರ್ಗೀಕರಣವನ್ನು, ಬಿ.ಎಡ್. ಮಾಡಿದವರಿಗೆಲ್ಲ ಇದು ಚಿರಪರಿಚಿತ. ಪ್ರತಿ ಪ್ರಶ್ನೆಗೂ ಅಧ್ಯಾಯ, ಪುಟಸಂಖ್ಯೆ, ಕಲಿಕಾ ಫಲ, ಕಠಿಣತೆಯ ಮಟ್ಟ ಎಂಬ ಗುರುತುಚೀಟಿಗಳನ್ನು ಅಂಟಿಸುತ್ತಾರೆ. ಈ ಚೀಟಿಗಳಿಂದಾಗಿ, ವಿದ್ಯುತ್ ಅಧ್ಯಾಯದಿಂದ ಅನ್ವಯದ ಮಟ್ಟದ ಐದು ಪ್ರಶ್ನೆ ಬೇಕು ಎಂದು ಕೇಳಿದರೆ ಅಷ್ಟೇ ಪ್ರಶ್ನೆಗಳು ಎದುರಿಗೆ ಬರುತ್ತವೆ.

ಪರಿಶೀಲನೆಯ ಕ್ರಮ ನನಗೆ ಬಹಳ ಹಿಡಿಸಿತು. ನನಗೆ ಒಂದು ಅಧ್ಯಾಯದ 80 ಪ್ರಶ್ನೆಗಳನ್ನು ಕೊಟ್ಟಿದ್ದರು. ಗೋಪ್ಯತೆಯ ಒಪ್ಪಂದಕ್ಕೆ ಸಹಿ ಮಾಡಿದ ಮೇಲೆ ಪ್ರಶ್ನೆಗಳು ಕಂಡವು, ಉತ್ತರಸೂಚಿ ಕಾಣಲಿಲ್ಲ. ಪ್ರತಿಯೊಂದನ್ನೂ ವಿದ್ಯಾರ್ಥಿಯಂತೆ ಬಿಡಿಸಿ ನನ್ನ ಉತ್ತರವನ್ನು ದಾಖಲಿಸಿದ ನಂತರವೇ ಬರೆದವರ ಉತ್ತರ ತೆರೆಯುತ್ತಿತ್ತು. ಎರಡೂ ಹೊಂದದಿದ್ದರೆ ಆ ಪ್ರಶ್ನೆ ಕೆಂಪು ಗುರುತಿನೊಂದಿಗೆ ಸಂಪಾದಕರಿಗೆ ಹೋಗುತ್ತಿತ್ತು. 80ರಲ್ಲಿ ಏಳು ಪ್ರಶ್ನೆಗಳು ಹೀಗೆ ಹೋದವು. ಮೂರರಲ್ಲಿ ತಪ್ಪು ನನ್ನದು, ನಾಲ್ಕರಲ್ಲಿ ಬರೆದವರದು. ಉತ್ತರ ಮೊದಲೇ ಕಂಡಿದ್ದರೆ ಆ ನಾಲ್ಕಕ್ಕೂ ನಾನು ತಲೆಯಾಡಿಸಿಬಿಡುತ್ತಿದ್ದೆನೋ ಏನೋ.

ಒಳ್ಳೆಯ ಪ್ರಶ್ನೆ ಹೇಗಿರುತ್ತದೆ ಎಂಬುದಕ್ಕೆ ಒಂದನ್ನು ಬಿಡಿಸಿ ತೋರಿಸುತ್ತೇನೆ. ತಂತಿಯೊಂದನ್ನು ಎಳೆದು ಅದರ ಉದ್ದವನ್ನು ಎರಡು ಪಟ್ಟು ಮಾಡಿದರೆ ರೋಧ ಏನಾಗುತ್ತದೆ? ತಂತಿ ಉದ್ದವಾದಷ್ಟೂ ರೋಧ ಹೆಚ್ಚು, ದಪ್ಪವಾದಷ್ಟೂ ಕಡಿಮೆ. ಎಳೆದಾಗ ತಂತಿಯ ಒಟ್ಟು ಗಾತ್ರ (ಘನಫಲ) ಬದಲಾಗುವುದಿಲ್ಲ, ಹೀಗಾಗಿ ಅಡ್ಡಕೊಯ್ತದ ವಿಸ್ತೀರ್ಣ ಅರ್ಧವಾಗುತ್ತದೆ. ಉದ್ದದಿಂದ ಎರಡು ಪಟ್ಟು, ವಿಸ್ತೀರ್ಣದಿಂದ ಮತ್ತೆ ಎರಡು ಪಟ್ಟು, ಒಟ್ಟು 4 ಪಟ್ಟು. ಉಳಿದ ಮೂರು ಆಯ್ಕೆಗಳು ಬಾಯಿಗೆ ಬಂದ ಅಂಕಿಗಳಲ್ಲ. ‘2 ಪಟ್ಟು’ ಎಂಬುದು ವಿಸ್ತೀರ್ಣವನ್ನು ಮರೆತವನಿಗೆ, ‘ಬದಲಾಗುವುದಿಲ್ಲ’ ಎಂಬುದು ಎರಡೂ ಒಂದನ್ನೊಂದು ಸರಿದೂಗಿಸುತ್ತವೆ ಎಂದುಕೊಂಡವನಿಗೆ, ‘ಅರ್ಧ’ ಎಂಬುದು ವಿಸ್ತೀರ್ಣವನ್ನು ಮರೆತು, ಉದ್ದ ಹೆಚ್ಚಿದರೆ ರೋಧ ಕಡಿಮೆಯಾಗುತ್ತದೆ ಎಂದು ತಲೆಕೆಳಗು ಮಾಡಿಕೊಂಡವನಿಗೆ. ನನ್ನ ತರಗತಿಯಲ್ಲಿ 60ರಲ್ಲಿ 21 ಮಂದಿ ಸರಿ ಬರೆದರು, 27 ಮಂದಿ ‘2 ಪಟ್ಟು’ ಎಂದರು, 8 ಮಂದಿ ‘ಬದಲಾಗುವುದಿಲ್ಲ’ ಎಂದರು, 4 ಮಂದಿ ‘ಅರ್ಧ’ ಎಂದರು. ಮರುದಿನ ಏನನ್ನು ಮತ್ತೆ ಪಾಠ ಮಾಡಬೇಕೆಂದು ಆ 27 ಎಂಬ ಸಂಖ್ಯೆಯೇ ಹೇಳಿತು. ನಾನು ತಾಮ್ರದ ತಂತಿಯ ಬದಲು ಚಪಾತಿ ಹಿಟ್ಟಿನ ಉಂಡೆಯನ್ನು ಹಾವಿನಂತೆ ಹೊಸೆದು ತೋರಿಸಿದೆ. ಉದ್ದವಾದಂತೆ ಅದು ಸಣ್ಣಗಾಗುವುದನ್ನು ಕಣ್ಣಾರೆ ನೋಡಿದ ಮೇಲೆ ಯಾರಿಗೂ ಸಂಶಯ ಉಳಿಯಲಿಲ್ಲ.

ಪರೀಕ್ಷೆಯ ಫಲಿತಾಂಶವನ್ನು ಮರಳಿ ಏರಿಸಿದರೆ ಈ ಸೇವೆ ಪ್ರತಿ ಪ್ರಶ್ನೆಯ ಲೆಕ್ಕ ಹಾಕಿ ಕೊಡುತ್ತದೆ. ಮೇಲಿನ ಪ್ರಶ್ನೆಯ ಕಠಿಣತೆಯ ಸೂಚ್ಯಂಕ 0.35, ಎಂದರೆ ನೂರಕ್ಕೆ ಮೂವತ್ತೈದು ಮಂದಿ ಸರಿ ಬರೆದಿದ್ದಾರೆ. ಒಟ್ಟು ಅಂಕದಲ್ಲಿ ಮೇಲಿನ ಶೇ 27 ಮತ್ತು ಕೆಳಗಿನ ಶೇ 27 ವಿದ್ಯಾರ್ಥಿಗಳನ್ನು ಹೋಲಿಸುವ ಪದ್ಧತಿ 1939ರಲ್ಲಿ ಟ್ರೂಮನ್ ಕೆಲ್ಲಿ ಸಮರ್ಥಿಸಿದ್ದು. ನಮ್ಮಲ್ಲಿ ಮೇಲಿನ 16 ಮಂದಿಯಲ್ಲಿ 12, ಕೆಳಗಿನ 16 ಮಂದಿಯಲ್ಲಿ 3 ಸರಿಯುತ್ತರಗಳಿದ್ದವು, ವ್ಯತ್ಯಾಸ 9, ಅದನ್ನು 16ರಿಂದ ಭಾಗಿಸಿದರೆ 0.56. ಇದು 0.40ನ್ನು ದಾಟಿದರೆ ಓದಿದವರನ್ನೂ ಓದದವರನ್ನೂ ಆ ಪ್ರಶ್ನೆ ಚೆನ್ನಾಗಿ ಬೇರ್ಪಡಿಸುತ್ತದೆ ಎಂದು ಅರ್ಥ. ಪ್ರಶ್ನೆಯೊಂದು ಸೋರಿಹೋದರೆ ಈ ಅಂಕಿ ಕುಸಿಯುತ್ತದೆ, ಏಕೆಂದರೆ ಆಗ ಎಲ್ಲರೂ ಸರಿ ಬರೆಯುತ್ತಾರೆ. ಪ್ರಕಾಶಕರು ಬೇರೆ ಬೇರೆ ಕಾಲೇಜುಗಳ ಅಂಕಿಗಳನ್ನು ಒಟ್ಟುಗೂಡಿಸಿ ನೋಡುವುದರಿಂದ, ಯಾವ ಪ್ರಶ್ನೆ ಹಳಸಿದೆ ಎಂದು ತಿಳಿದು ಅದನ್ನು ತೆಗೆದುಹಾಕಲು ಸಾಧ್ಯವಾಗುತ್ತದೆ.

ಈ ಸೇವೆಯಲ್ಲಿ ನನಗೆ ಎಲ್ಲಕ್ಕಿಂತ ಹೆಚ್ಚು ಬೆಲೆಯುಳ್ಳದ್ದಾಗಿ ಕಂಡದ್ದು ಅಂಕಿ ಬದಲಾಗುವ ಪ್ರಶ್ನೆಗಳು. ಅಂದು ನಾನು ಕೈಯಿಂದ ಮಾಡಿದ್ದನ್ನು ಇಲ್ಲಿ ಗಣಕವೇ ಮಾಡುತ್ತದೆ. ಪ್ರಶ್ನೆಯನ್ನು ಅಂಕಿಗಳಿಲ್ಲದ ಅಚ್ಚಿನಂತೆ ಬರೆದಿಟ್ಟು, ರೋಧಕಗಳ ಮೌಲ್ಯ ಯಾವ ಮಿತಿಯೊಳಗೆ ಇರಬೇಕು, ಸರಿಯುತ್ತರದ ಸೂತ್ರವೇನು, ಪ್ರತಿ ತಪ್ಪು ಆಯ್ಕೆಯ ಸೂತ್ರವೇನು ಎಂದು ತಿಳಿಸಿರುತ್ತಾರೆ. ಒಬ್ಬನಿಗೆ 6 ಮತ್ತು 12, ಪಕ್ಕದವಳಿಗೆ 10 ಮತ್ತು 15, ಹಿಂದಿನವನಿಗೆ 20 ಮತ್ತು 30. ನಮ್ಮ ಲ್ಯಾಬಿನಲ್ಲಿ 24 ಗಣಕಗಳು ಮಾತ್ರ ಇರುವುದರಿಂದ 60 ಮಂದಿಯನ್ನು ಮೂರು ತಂಡ ಮಾಡಿ ಪರೀಕ್ಷೆ ನಡೆಸಬೇಕು. ಮೊದಲೆಲ್ಲ ಮೊದಲ ತಂಡ ಹೊರಬರುತ್ತಿದ್ದಂತೆ ಮೂರನೆಯ ತಂಡ ಅವರನ್ನು ಸುತ್ತುವರಿಯುತ್ತಿತ್ತು. ಈಗಲೂ ಸುತ್ತುವರಿಯುತ್ತಾರೆ, ಆದರೆ ಕೇಳುವ ಪ್ರಶ್ನೆ ಬೇರೆಯಾಗಿದೆ: ಉತ್ತರ ಏನು ಬಂತು ಎನ್ನುವ ಬದಲು ಹೇಗೆ ಬಿಡಿಸಿದೆ ಎನ್ನುತ್ತಾರೆ. ಸೋರಿದರೂ ಕೆಡದ ಪ್ರಶ್ನೆ ಎಂದರೆ ಇದೇ ಎಂದು ನನ್ನ ಅಭಿಪ್ರಾಯ, ಮತ್ತು ಈ ಒಂದು ಕಾರಣಕ್ಕಾಗಿಯೇ ನಾನು ಈ ಸೇವೆಯನ್ನು ಬೇರೆ ಕಾಲೇಜುಗಳ ಮಿತ್ರರಿಗೆ ಧೈರ್ಯವಾಗಿ ಹೇಳುತ್ತಿದ್ದೇನೆ.

ಇದರಲ್ಲೂ ಒಂದು ಎಡವಟ್ಟು ಆಯಿತು. ಎರಡನೆಯ ಪರೀಕ್ಷೆಯ ನಡುವೆ ಜೇವರ್ಗಿ ಕಡೆಯಿಂದ ಬರುವ ವಿದ್ಯಾರ್ಥಿನಿಯೊಬ್ಬಳು ಕೈ ಎತ್ತಿ, “ಸರ, ಎ ಒಳಗೂ ಒಂದ ಅದ, ಡಿ ಒಳಗೂ ಒಂದ ಅದರಿ. ಯಾವುದಕ್ಕ ಟಿಕ್ ಮಾಡ್ಬೇಕ್ರಿ?” ಎಂದು ಕೇಳಿದಳು. ಹೋಗಿ ನೋಡಿದರೆ ಅವಳಿಗೆ ಬಂದಿದ್ದ ರೋಧಕಗಳು 2 ಮತ್ತು 2 ಓಮ್. ಸರಿಯುತ್ತರ 1 ಓಮ್. ಸಮಾಂತರ ಜೋಡಣೆಯಲ್ಲಿ ರೋಧಗಳ ವಿಲೋಮಗಳನ್ನು (ಇಲ್ಲಿ 1/2 ಮತ್ತು 1/2) ಕೂಡಿಸಿ, ಬಂದ ಮೊತ್ತವನ್ನು ಕೊನೆಯಲ್ಲಿ ತಿರುವುಮುರುವು ಮಾಡಬೇಕು. ಹಾಗೆ ಮಾಡಲು ಮರೆತವರಿಗೆಂದು ಇಟ್ಟ ತಪ್ಪು ಆಯ್ಕೆ, ಅರ್ಧ ಕೂಡಿಸು ಅರ್ಧ, ಅದೂ 1. ಎರಡು ಆಯ್ಕೆಗಳು ಒಂದೇ ಆಗಬಾರದು ಎಂಬ ನಿಯಮವನ್ನು ಬರೆದವರು ಸೇರಿಸಿರಲಿಲ್ಲ. ಅವಳಿಗೆ ಪೂರ್ಣ ಅಂಕ ಕೊಟ್ಟು ಪ್ರಕಾಶಕರಿಗೆ ತಿಳಿಸಿದೆ. ಆರು ದಿನಗಳಲ್ಲಿ ತಿದ್ದಿ, ಅಂಥ ಬೇರೆ ಪ್ರಶ್ನೆಗಳನ್ನೂ ಹುಡುಕಿ ಸರಿಪಡಿಸಿದ್ದೇವೆ ಎಂದು ಉತ್ತರಿಸಿದರು. ದೂರಿಗೆ ಇಷ್ಟು ಬೇಗ ಕೆಲಸದ ರೂಪದ ಉತ್ತರ ಬಂದದ್ದನ್ನು ಮೆಚ್ಚಲೇಬೇಕು.

ಹಂಚಿಕೆಯ ಭದ್ರತೆಯ ವಿಷಯದಲ್ಲಿ ಅವರು ಮಾಡಿರುವ ಏರ್ಪಾಡು ಹೀಗಿದೆ. ಇಡೀ ಬ್ಯಾಂಕನ್ನು ಇಳಿಸಿಕೊಳ್ಳುವ ಅವಕಾಶವೇ ಇಲ್ಲ, ಆಯ್ದ ಪ್ರಶ್ನೆಗಳ ಒಂದು ಪತ್ರಿಕೆಯನ್ನು ಮಾತ್ರ ಪಡೆಯಬಹುದು. ಇಳಿಸಿಕೊಳ್ಳುವ ಕೊಂಡಿ 48 ಗಂಟೆಗಳ ನಂತರ ಸಾಯುತ್ತದೆ. ಉತ್ತರಸೂಚಿ ಪ್ರತ್ಯೇಕ ಕಡತ, ಅದರ ಪಾಸ್‌ವರ್ಡ್ ಇಮೇಲಿಗೆ ಬಾರದೆ ಮೊಬೈಲಿಗೆ ಬರುತ್ತದೆ. ಯಾರು ಯಾವಾಗ ಯಾವ ಪ್ರಶ್ನೆ ತೆರೆದರು ಎಂಬುದೆಲ್ಲ ದಾಖಲಾಗುತ್ತದೆ, ಪಿಡಿಎಫ್ ಪ್ರತಿಯ ಪ್ರತಿ ಪುಟದ ಮೇಲೂ ಪಡೆದವರ ಹೆಸರು ಮತ್ತು ದಿನಾಂಕ ಓರೆಯಾಗಿ ವಾಟರ್‌ಮಾರ್ಕ್ ಆಗಿ ಬೀಳುತ್ತದೆ. ತನ್ನ ಹೆಸರು ಬಿದ್ದ ಹಾಳೆಯನ್ನು ಗುಂಪಿಗೆ ಹಾಕುವ ಮುನ್ನ ಯಾರಾದರೂ ಎರಡು ಸಲ ಯೋಚಿಸುತ್ತಾರೆ. ಆದರೆ ಅದೇ ವಾಟರ್‌ಮಾರ್ಕ್, ಪತ್ರಿಕೆಯನ್ನು ಝೆರಾಕ್ಸ್ ಮಾಡಿಸಿದಾಗ ಕಪ್ಪಾಗಿ ಅಚ್ಚಾಗುತ್ತದೆ. ನಮ್ಮ ಮೊದಲ ಪತ್ರಿಕೆಯಲ್ಲಿ ಅದು ಒಂದು ಘಾತಾಂಕದ ಮೇಲೆಯೇ ಬಿದ್ದು, ಹತ್ತರ ಮೈನಸ್ ಆರನೆಯ ಘಾತ ಬರೀ ಆರನೆಯ ಘಾತದಂತೆ ಕಂಡಿತು. ಸೆಟ್ಟಿಂಗಿನಲ್ಲಿ ಅದನ್ನು ಪುಟದ ಅಡಿಗೆ ಸರಿಸುವ ಆಯ್ಕೆ ಇದೆ, ಮೊದಲ ದಿನವೇ ಅದನ್ನು ಮಾಡಿಕೊಳ್ಳುವುದು ಒಳ್ಳೆಯದು.

ಖಾತೆಯೊಳಗೆ ಹೋಗಲು ಬೇಕಾದ ಓಟಿಪಿಯಿಂದ ಪಟ್ಟ ಪಾಡು ಬೇರೆ. ಏಪ್ರಿಲ್ ತಿಂಗಳ ಮಧ್ಯಾಹ್ನ, ಕರೆಂಟು ಹೋಗಿ ಬಂದು ಮಾಡುತ್ತಿತ್ತು, ಹೊರಗೆ ಬಿಸಿಲು ಬೆಂಕಿಯಂತೆ ಸುರಿಯುತ್ತಿತ್ತು, ಲ್ಯಾಬಿನಲ್ಲಿ ಮೊದಲ ತಂಡ ಕುಳಿತಿತ್ತು. ಓಟಿಪಿಯ ಆಯಸ್ಸು ಐದು ನಿಮಿಷ, ಅದು ನನ್ನ ಫೋನಿಗೆ ಬಂದದ್ದು ಹತ್ತು ನಿಮಿಷದ ಮೇಲೆ. ಮೂರು ಸಲ ಹೀಗಾಗಿ ಖಾತೆ ಒಂದು ಗಂಟೆ ಮುಚ್ಚಿಕೊಂಡಿತು, ಪರೀಕ್ಷೆಯನ್ನು ಮುಂದೂಡಬೇಕಾಯಿತು. ಆಮೇಲೆ ತಿಳಿದ ಪರಿಹಾರ ಬಹಳ ಸರಳ: ಫೋನಿನಲ್ಲಿ ಅಥೆಂಟಿಕೇಟರ್ ಆ್ಯಪ್ ಹಾಕಿಕೊಂಡರೆ ಅದು ಪ್ರತಿ 30 ಸೆಕೆಂಡಿಗೆ ಹೊಸ ಸಂಖ್ಯೆಯನ್ನು ಫೋನಿನಲ್ಲೇ ಲೆಕ್ಕ ಹಾಕಿ ತೋರಿಸುತ್ತದೆ, ಅದಕ್ಕೆ ನೆಟ್‌ವರ್ಕ್ ಬೇಕಿಲ್ಲ, ಫೋನಿನ ಗಡಿಯಾರ ಸರಿಯಿದ್ದರೆ ಸಾಕು. ಈ ಸೌಲಭ್ಯ ಮೊದಲಿನಿಂದಲೂ ಇತ್ತು. ಅದನ್ನು ಯಾರೂ ಹೇಳಿರಲಿಲ್ಲ, ಸಹಾಯ ಪುಟದ ತುದಿಯಲ್ಲಿ ಒಂದು ಸಾಲಾಗಿ ಬಿದ್ದಿತ್ತು. ಸಿಗ್ನಲ್ ಬಂದು ಹೋಗುವ ಊರುಗಳ ಕಾಲೇಜುಗಳಿಗೆ, ಚಿಂಚೋಳಿಯಂಥ ಕಡೆಗೆ, ಖಾತೆ ತೆರೆದ ದಿನವೇ ಇದನ್ನು ಫೋನಿನಲ್ಲಿ ಹೇಳಿಕೊಡುವುದು ಪ್ರಕಾಶಕರ ಕರ್ತವ್ಯವಾಗಿತ್ತು.

ಈಗ ನಾವು ಪರೀಕ್ಷೆಯ ಹಿಂದಿನ ದಿನವೇ ಪತ್ರಿಕೆಯನ್ನು ಮೂಡಲ್ ತಂತ್ರಾಂಶ ಓದಬಲ್ಲ ರೂಪದಲ್ಲಿ ಇಳಿಸಿಕೊಳ್ಳುತ್ತೇವೆ. ಮೂಡಲ್ ಎಂಬುದು ಗಣಕದ ಮೇಲೆ ಪಾಠ, ಪರೀಕ್ಷೆ ನಡೆಸಲು 2002ರಿಂದ ಉಚಿತವಾಗಿ ಸಿಗುತ್ತಿರುವ ತಂತ್ರಾಂಶ. ಲ್ಯಾಬಿನ ಹಳೆಯ ಗಣಕವೊಂದರಲ್ಲಿ ಅದನ್ನು ಹಾಕಿ, ಉಳಿದ ಗಣಕಗಳನ್ನು ಒಳಜಾಲದಿಂದ ಜೋಡಿಸಿದ್ದೇವೆ, ಪರೀಕ್ಷೆಯ ಹೊತ್ತಿಗೆ ಇಂಟರ್ನೆಟ್ಟೇ ಬೇಕಾಗುವುದಿಲ್ಲ. ಇಲ್ಲಿ ಒಂದು ಎಚ್ಚರಿಕೆ ಹೇಳಬೇಕು. ಪತ್ರಿಕೆ ನಮ್ಮ ಗಣಕಕ್ಕೆ ಇಳಿದ ಕ್ಷಣದಿಂದ ಪ್ರಕಾಶಕರ ಕಾವಲು ಮುಗಿಯುತ್ತದೆ. ಮೊದಲ ಸೆಮಿಸ್ಟರ್‌ನಲ್ಲಿ ಆ ಗಣಕದ ಪಾಸ್‌ವರ್ಡನ್ನು ಲ್ಯಾಬಿನ ಸಹಾಯಕರು ಚೀಟಿಯಲ್ಲಿ ಬರೆದು ಪರದೆಯ ಪಕ್ಕದಲ್ಲೇ ಅಂಟಿಸಿದ್ದರು. ಅದನ್ನು ಕಂಡು ಕಿತ್ತು, ಪಾಸ್‌ವರ್ಡ್ ಬದಲಿಸಿ, ಪರೀಕ್ಷೆ ಮುಗಿದ ಸಂಜೆಯೇ ಪತ್ರಿಕೆಯನ್ನು ಅಳಿಸುವ ಪದ್ಧತಿ ಮಾಡಿಕೊಂಡಿದ್ದೇವೆ.

ಕನ್ನಡ ಆವೃತ್ತಿಯ ಬಗ್ಗೆ ಮಾತ್ರ ನನಗೆ ನಿಜವಾದ ನೋವಿದೆ. ಆಳಂದ, ಸೇಡಂ, ಅಫಜಲಪುರ ಕಡೆಯ ಹಳ್ಳಿಗಳಿಂದ ಹತ್ತನೆಯ ತರಗತಿಯವರೆಗೆ ಕನ್ನಡ ಮಾಧ್ಯಮದಲ್ಲಿ ಓದಿ ಬಂದ ಮಕ್ಕಳು ನಮ್ಮಲ್ಲಿ ಬಹಳ. ಪ್ರಶ್ನೆ ಇಂಗ್ಲಿಷಿನಲ್ಲೂ ಕನ್ನಡದಲ್ಲೂ ಇದೆ ಎಂದು ಪ್ರಕಾಶಕರು ಹೇಳಿದಾಗ ನನಗೆ ಆದ ಸಂತೋಷ ಅಷ್ಟಿಷ್ಟಲ್ಲ. ತೆರೆದು ನೋಡಿದರೆ, ಕಾರ್ಯ ಮತ್ತು ಶಕ್ತಿಯ ಅಧ್ಯಾಯದಲ್ಲಿ ಇಂಗ್ಲಿಷಿನ ‘ಕನ್ಸರ್ವೇಟಿವ್ ಫೋರ್ಸ್’ಗೆ ಸಂರಕ್ಷಕ ಬಲ (ಗುರುತ್ವದ ಬಲ ಇದಕ್ಕೊಂದು ಉದಾಹರಣೆ) ಎನ್ನಬೇಕಾದಲ್ಲಿ ‘ಸಂಪ್ರದಾಯವಾದಿ ಬಲ’ ಎಂದು ಇತ್ತು. ಯಂತ್ರದಿಂದ ಅನುವಾದಿಸಿ ಭೌತಶಾಸ್ತ್ರ ಬಲ್ಲ ಕನ್ನಡಿಗರಿಗೆ ತೋರಿಸದೆ ಹಾಕಿದ್ದಾರೆ ಎಂಬುದಕ್ಕೆ ಬೇರೆ ಸಾಕ್ಷಿ ಬೇಡ. ಇಂಗ್ಲಿಷ್ ಪ್ರಶ್ನೆಗೆ ಉತ್ತರ ಮರೆಸಿ ಪರಿಶೀಲಿಸುವಷ್ಟು ಶ್ರದ್ಧೆ ವಹಿಸಿದವರು, ಕನ್ನಡ ಪ್ರಶ್ನೆಯನ್ನು ಒಬ್ಬ ಅಧ್ಯಾಪಕನಿಂದ ಒಮ್ಮೆ ಓದಿಸಲೂ ಇಲ್ಲ. ಗುರುತ್ವದ ಬಲವನ್ನು ಚೆನ್ನಾಗಿ ಬಲ್ಲ ಹುಡುಗ ಇಂಥ ಪದ ಕಂಡು ತನಗೇ ಪಾಠ ಬಂದಿಲ್ಲವೆಂದು ಅಂಜಿ ಕೂರುತ್ತಾನೆ, ಮತ್ತು ಅವನ ಅಂಕ ಹೋಗುವುದು ಅವನದಲ್ಲದ ತಪ್ಪಿಗೆ.

ಇಂಥ ಪದಗಳ ಪಟ್ಟಿಯೊಂದನ್ನು ಕಳುಹಿಸಿದ್ದೇನೆ. ಎರಡು ಅಧ್ಯಾಯಗಳನ್ನು ಕನ್ನಡ ಬಲ್ಲ ಅಧ್ಯಾಪಕರಿಂದ ಪರಿಶೀಲಿಸಿ ಮುಂದಿನ ಸೆಮಿಸ್ಟರ್‌ಗೆ ಕೊಡುವುದಾಗಿ ಒಪ್ಪಿದ್ದಾರೆ, ನಮ್ಮ ವಿಭಾಗದ ಇಬ್ಬರು ಆ ಕೆಲಸಕ್ಕೆ ಹೆಸರು ಕೊಟ್ಟಿದ್ದೇವೆ. ಅದು ಕೈಸೇರುವವರೆಗೆ ನಾನು ಕನ್ನಡ ಆವೃತ್ತಿಯನ್ನು ಆಫ್ ಮಾಡಿ ಇಂಗ್ಲಿಷ್ ಪತ್ರಿಕೆಯನ್ನೇ ಕೊಡುತ್ತಿದ್ದೇನೆ. ಪ್ರತಿ ತಂಡ ಕುಳಿತ ಮೇಲೆ ಮೊದಲ ಹತ್ತು ನಿಮಿಷ, ಅಂಕಿಗಳನ್ನು ಬಿಟ್ಟು, ಪ್ರಶ್ನೆಗಳ ಸಾರವನ್ನು ಒಂದೊಂದಾಗಿ ಕನ್ನಡದಲ್ಲಿ ಓದಿ ಹೇಳುತ್ತೇನೆ.